ಆನ್ಸ್‌ಬಾಖ್‌ನ ಗ್ರಿಜ್ಲಿಗಳು

ಬವೇರಿಯಾದ ಆನ್ಸ್‌ಬಾಖ್ ಸುಮಾರು 40 ಸಾವಿರ ಜನರ ಊರು. ಬಾಖ್ ಸಂಗೀತೋತ್ಸವಕ್ಕೆ ಹೆಸರಾದದ್ದು. ಅಮೆರಿಕನ್ ಫುಟ್‌ಬಾಲ್ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಕಥೆಯೊಂದು ಹುಟ್ಟಿದ್ದು ಅಲ್ಲೇ.

ಎರಡನೇ ಮಹಾಯುದ್ಧದ ನಂತರ ಈ ಭಾಗದಲ್ಲಿ ಅಮೆರಿಕದ ಸೇನೆ ಬೀಡುಬಿಟ್ಟಿತ್ತು. ಸೈನಿಕರ ಜೊತೆಗೇ ಅವರ ಆಟವೂ ಬಂತು. 1979ರಲ್ಲಿ ಆನ್ಸ್‌ಬಾಖ್ ಗ್ರಿಜ್ಲೀಸ್ ಶುರುವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ದೇಶದ ಮೊಟ್ಟಮೊದಲ ಫೈನಲ್, ಅಂದರೆ ಜರ್ಮನ್ ಬೌಲ್. ಎದುರಾಳಿ, ಜರ್ಮನಿಯ ಮೊದಲ ಕ್ಲಬ್ಬಾದ ಫ್ರಾಂಕ್‌ಫರ್ಟರ್ ಲ್ಯೋವೆನ್. ಗ್ರಿಜ್ಲಿಗಳು 14-8ರಲ್ಲಿ ಸೋತರು. ಮರುವರ್ಷವೂ ಸೋಲು, ಅದೇ ತಂಡದ ಕೈಲಿ.

ಆಮೇಲಿನದನ್ನು ನೋಡಿ. 1979ರಿಂದ 1986ರವರೆಗೆ ನಡೆದ ಎಂಟೂ ಫೈನಲ್‌ಗಳಲ್ಲಿ ಈ ಪುಟ್ಟ ಊರಿನ ತಂಡ ಆಡಿದೆ! ಗೆದ್ದದ್ದು 1981, 1982 ಮತ್ತು 1985ರಲ್ಲಿ. ಉಳಿದ ಮೂರು ಸಲ ಡ್ಯೂಸೆಲ್‌ಡಾರ್ಫ್ ಪ್ಯಾಂಥರ್ ಅಡ್ಡ ಬಂತು. ದಾಖಲೆ ಪುಸ್ತಕ ಗೆದ್ದವರ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತದೆ. ನನಗೆ ಮಾತ್ರ ಐದು ಫೈನಲ್ ಸೋತೂ ಮುಂದಿನ ಹಂಗಾಮಿಗೆ ಹೆಲ್ಮೆಟ್ ತೊಟ್ಟು ನಿಂತ ಆ ಹುಡುಗರೇ ದೊಡ್ಡವರು. ಅದೂ ಇಡೀ ದೇಶ ಸಾಕರ್‌ಗೆ ಮನಸೋತಿದ್ದಾಗ.

ಲ್ಯೋವೆನ್ ಎಂಬತ್ತರ ದಶಕದಲ್ಲೇ ಮುಚ್ಚಿಹೋಯಿತು. ಗ್ರಿಜ್ಲಿಗಳು ಮೇಲಿನ ಲೀಗ್‌ನಿಂದ ಕೆಳಗಿಳಿದರೂ ಕ್ಲಬ್ ಬಿಡಲಿಲ್ಲ. ಯುರೋಪಿನಲ್ಲಿ ಈ ಆಟ ಬೇರೂರಿದ್ದು ಇಂಥ ಸಣ್ಣ ಊರುಗಳ ಹಟದಿಂದಲೂ ಹೌದು.