ಸ್ಟಾರ್ಟರ್ ಡಬ್ಬಿಯ ಕಡ್ಡಿ

ನಮ್ಮ ಬೋರ್‌ವೆಲ್ ಸ್ಟಾರ್ಟರ್ ಡಬ್ಬಿಯೊಳಗೆ ಸದಾ ಒಂದು ಕಡ್ಡಿ ಸಿಗಿಸಿರುತ್ತಿತ್ತು. ವೋಲ್ಟೇಜ್ ಬಿದ್ದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತೆ. ತ್ರೀ ಫೇಸ್ ಬರೋದೇ ರಾತ್ರಿ. ಎರಡು ಗಂಟೆಗೆ ಟಾರ್ಚ್ ಹಿಡ್ಕೊಂಡು ಹೋಗಿ ಬಟನ್ ಒತ್ತೋರು ಯಾರು? ಅಪ್ಪ ರಿಲೇಗೆ ಕಡ್ಡಿ ಕೊಟ್ಟು ಮಲಗುತ್ತಿದ್ದರು. ನಾನು ಪಿಯುಸಿಯಲ್ಲಿದ್ದಾಗ ಮೋಟರ್ ಸುಟ್ಟಿತು. ರೀವೈಂಡಿಂಗ್‌ಗೆ ಹೋಗಿದ್ದು ನನ್ನ ಹಾಸ್ಟೆಲ್ ಫೀಸಿನ ದುಡ್ಡು. ಒಳಗೊಳಗೇ ಅಪ್ಪನನ್ನು ಬೈದುಕೊಂಡಿದ್ದೆ.

ಬಿಇ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಗೆ ಬಂದೆ. ಎರಡನೇ ವರ್ಷ ಸಿಕ್ಕ ಕೆಲಸ, ತೊಂಬತ್ತರ ದಶಕದ ಸಿ ಕೋಡನ್ನು 32 ಬಿಟ್‌ನಿಂದ 64 ಬಿಟ್‌ಗೆ ಒಯ್ಯೋದು. ಮೇಕ್ ಅಂತ ಹೊಡೆದರೆ ಸ್ಕ್ರೀನ್ ತುಂಬಾ ವಾರ್ನಿಂಗು. ಬಳಸದ ವೇರಿಯಬಲ್ಲು, ಬಿಟ್ಟುಹೋದ ಬ್ರ್ಯಾಕೆಟ್ಟು, ಹೆಚ್ಚಿನವು ಬರೀ ಗೊಣಗಾಟ. ಒಂದು ಫೈಲ್‌ನಲ್ಲಂತೂ ಮುಗೀತಾನೇ ಇರಲಿಲ್ಲ. ಶುಕ್ರವಾರ ಸಂಜೆ, ಊರಿನ ಬಸ್ಸಿಗೆ ಟಿಕೆಟ್ ಬೇರೆ ಆಗಿತ್ತು. ಮೇಕ್‌ಫೈಲ್‌ನಲ್ಲಿ ಆ ಫೈಲಿಗೆ ಮಾತ್ರ ಮೈನಸ್ ಡಬ್ಲ್ಯೂ ಹಾಕಿದೆ. ಎರಡೇ ಅಕ್ಷರ, ಕಂಪೈಲರ್ ಗಪ್‌ಚುಪ್.

ಆ ಗೊಣಗಾಟದ ಮಧ್ಯೆ ಒಂದು ನಿಜವಾದ ಕೂಗು ಇತ್ತು. ನಮ್ಮದೇ ಒಂದು ಫಂಕ್ಷನ್ ಅನ್ನು ಹೆಡರ್ ಸೇರಿಸದೆ ಕರೆದಿದ್ದರು. ಅದು ವಾಪಸ್ ಕೊಡೋದು ಮೆಮೊರಿ ವಿಳಾಸ. ಘೋಷಣೆ ಕಾಣದಿದ್ದರೆ ಹಳೇ ಸಿ ಅದನ್ನು ಇಂಟ್ ಅಂದುಕೊಳ್ಳುತ್ತೆ. 32 ಬಿಟ್‌ನಲ್ಲಿ ಇಂಟೂ ವಿಳಾಸವೂ ಒಂದೇ ಅಳತೆ, ಹಾಗಾಗಿ ವರ್ಷಗಟ್ಟಲೆ ಸುಸೂತ್ರ. 64ರಲ್ಲಿ ವಿಳಾಸದ ಮೇಲಿನ ಅರ್ಧ ಕತ್ತರಿಸಿ ಹೋಗುತ್ತೆ. ಮಜಾ ಏನಂದ್ರೆ, ನನ್ನ ಟೆಸ್ಟ್‌ನಲ್ಲಿ ಎಲ್ಲ ಪಾಸ್! ಚಿಕ್ಕ ಬಫರ್‌ಗಳು ಕೆಳಗಿನ ವಿಳಾಸಗಳಲ್ಲೇ ಸಿಗುತ್ತಿದ್ದವು, ಕತ್ತರಿಸಿದ ಅರ್ಧದಲ್ಲಿ ಇದ್ದದ್ದು ಬರೀ ಸೊನ್ನೆ. ದೊಡ್ಡ ಬಫರ್ ಕೇಳಿದರೆ ಮಾತ್ರ ಅದು ಮೇಲೆಲ್ಲೋ ದೂರದಲ್ಲಿ ಸಿಗುತ್ತಿತ್ತು.

ದೊಡ್ಡದನ್ನು ಕೇಳಿದ್ದು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ. ನೈಸ್ ರೋಡ್ ಹಿಡಿದು ಓಡಿದೆವು. ಲೈನ್ ನಿಂತಿತ್ತು. ಶಿಫ್ಟಿನವರು ಮೆಟ್ಟಿಲ ಮೇಲೆ ಕೂತು ನಮ್ಮ ಲ್ಯಾಪ್‌ಟಾಪನ್ನೇ ನೋಡುತ್ತಿದ್ದರು. ಅದರಲ್ಲೊಬ್ಬರು, ಅಪ್ಪನ ವಯಸ್ಸಿನವರು, 'ಇವತ್ತಿನ ಓಟಿ ಹೋಯ್ತು ಬಿಡಿ' ಅಂದರು, ಬೈಗುಳವೂ ಅಲ್ಲದ ದನಿಯಲ್ಲಿ. ಎರಡನೇ ದಿನ ಮೈನಸ್ ಡಬ್ಲ್ಯೂ ಸಿಕ್ಕಿತು. ಗಿಟ್ ಬ್ಲೇಮ್ ಹೊಡೆದರೆ ನನ್ನದೇ ಹೆಸರು. ರಿಪೇರಿ? ಒಂದು ಇನ್‌ಕ್ಲೂಡ್ ಸಾಲು, ಅಷ್ಟೇ.

ಘೋಷಣೆಯಿಲ್ಲದೆ ಕರೆಯೋದನ್ನು ಸಿ ಭಾಷೆ 1999ರಲ್ಲೇ ಕೈಬಿಟ್ಟಿತ್ತು. ಕಂಪೈಲರ್‌ಗಳು ಮಾತ್ರ ಹಳೇ ಕೋಡ್ ಮೇಲಿನ ಕರುಣೆಯಿಂದ ಬರೀ ಎಚ್ಚರಿಸುತ್ತಾ ಬಂದವು. 2024ರ ಜಿಸಿಸಿ 14 ಅದನ್ನು ಎರರ್ ಮಾಡಿತು. ಜೊತೆಗೆ ಎಫ್‌ಪರ್ಮಿಸಿವ್ ಅಂತ ಒಂದು ಆಪ್ಷನ್ನನ್ನೂ ಕೊಟ್ಟಿತು, ಅದನ್ನು ಹಾಕಿದರೆ ಮತ್ತೆ ಬರೀ ವಾರ್ನಿಂಗು. ಕಡ್ಡಿ ಅವರೇ ಕೊಟ್ಟಿದ್ದಾರೆ ನೋಡಿ.

ಹೋದ ದಸರಾಕ್ಕೆ ಊರಿಗೆ ಹೋದಾಗ ಡಬ್ಬಿ ತೆಗೆದೆ. ಕಡ್ಡಿ ಅಲ್ಲೇ ಇತ್ತು, ಹೊಸದು, ಬೇವಿನದು. ಕೈ ಹಾಕಿದೆ.

'ತೆಗೀಬೇಡ' ಅಂದರು ಅಪ್ಪ. 'ತೆಗೆದರೆ ರಾತ್ರಿ ನೀನು ಬಂದು ಒತ್ತಬೇಕು.'

ಆ ರಾತ್ರಿ ನಾಲ್ಕು ಸಲ ಎದ್ದುಹೋದೆ.