ನೆಡ್ ಸ್ಟಾರ್ಕನ ಪರವಾಗಿ

ನೆಡ್ ಸ್ಟಾರ್ಕ್ ದಡ್ಡನೇ? 'ಗೇಮ್ ಆಫ್ ಥ್ರೋನ್ಸ್' ನೋಡಿದವರು ನಾಲ್ಕು ಜನ ಕೂತಿರುವಾಗ ಈ ಪ್ರಶ್ನೆ ಎತ್ತಿದರೆ ಸಾಕು, ಎಲೆ ಹಾಕಿ ಕರೆದರೂ ಯಾರೂ ಏಳುವುದಿಲ್ಲ. 2011ರ ಏಪ್ರಿಲ್‌ನಲ್ಲಿ ಶುರುವಾಗಿ 2019ರ ಮೇ ತಿಂಗಳಲ್ಲಿ ಮುಗಿದ ಧಾರಾವಾಹಿ ಅದು. 73 ಕಂತು. ನಮ್ಮ ಮನೆಯ ವಾದ ಮಾತ್ರ ಇನ್ನೂ ಮುಗಿದಿಲ್ಲ. ನಾನು ಮೊದಲಿನಿಂದಲೂ ನೆಡ್‌ನ ಪಕ್ಷ. ಎದುರಾಳಿ ನನ್ನ ಭಾವ.

"ಅಲ್ಲ ಮಾರಾಯ, ವೈರಿಯ ಗುಟ್ಟು ಸಿಕ್ಕಿದ ಮೇಲೆ ಅದನ್ನು ವೈರಿಗೇ ಹೋಗಿ ಹೇಳುವುದುಂಟಾ?" ಎಂದು ಭಾವ ಶುರುಮಾಡುತ್ತಾರೆ. ಅವರು ಹೇಳುವ ಸಂಗತಿ ನಿಜವೇ. ರಾಣಿ ಸರ್ಸಿಯ ಮಕ್ಕಳು ರಾಜ ರಾಬರ್ಟನವರಲ್ಲ ಎಂಬುದು ವಂಶಾವಳಿಯ ಹಳೆಯ ಪುಸ್ತಕ ಓದುತ್ತ ರಾಜನ ಪ್ರಧಾನಿಯಾದ ನೆಡ್‌ಗೆ ಹೊಳೆಯುತ್ತದೆ. ರಾಬರ್ಟನ ಮನೆತನದಲ್ಲಿ ತಲೆತಲಾಂತರದಿಂದ ಎಲ್ಲರದೂ ಕಪ್ಪು ಕೂದಲು, ಹಿರಿಯ ಮಗ ಜಾಫ್ರಿಯದು ಮಾತ್ರ ಹೊಂಬಣ್ಣ. ರಾಜ ಬೇಟೆಗೆ ಹೋಗಿದ್ದಾನೆ. ನೆಡ್ ನೇರವಾಗಿ ಸರ್ಸಿಯನ್ನು ಕಂಡು, ಅವನು ಬರುವ ಮೊದಲು ಮಕ್ಕಳನ್ನು ಕರೆದುಕೊಂಡು ದೂರ ಹೋಗಿಬಿಡು ಎನ್ನುತ್ತಾನೆ.

ಇದನ್ನು ದಡ್ಡತನ ಎಂದರೆ ನಾನು ಒಪ್ಪುವುದಿಲ್ಲ. ರಾಬರ್ಟನ ಸಿಟ್ಟು ನೆಡ್‌ಗೆ ಗೊತ್ತು. ಅವನು ಗೆದ್ದಾಗ ಹಿಂದಿನ ರಾಜವಂಶದ ಎಳೆಯ ಮಕ್ಕಳ ಕೊಲೆಯಾಗಿತ್ತು. ಆ ವಂಶದಲ್ಲಿ ಉಳಿದು ಕಡಲಾಚೆ ಇರುವ ಬಸುರಿ ಡನೇರಿಸ್‌ಳನ್ನು ಕೊಲ್ಲಿಸಲು ರಾಜ ಹೊರಟಾಗ, ಇದೇ ನೆಡ್ ತನ್ನ ಪದವಿಯ ಪದಕ ಕಿತ್ತಿಟ್ಟು ಸಭೆಯಿಂದ ಎದ್ದು ಬಂದವನು. ಅಂಥವನು ಜಾಫ್ರಿಯ ಪುಟ್ಟ ತಮ್ಮ ತಂಗಿಯರನ್ನು ಕತ್ತಿಗೆ ಒಪ್ಪಿಸಿಯಾನೇ?

ನನ್ನ ಪ್ರಕಾರ ಅವನು ಎಡವಿದ್ದು ಬೇರೆ ಕಡೆ, ಮತ್ತು ಆ ಜಾಗವನ್ನು ಹುಡುಕುವುದರಲ್ಲಿಯೇ ಈ ಹವ್ಯಾಸದ ಸುಖವೆಲ್ಲ ಇದೆ. ಹಂದಿ ತಿವಿದು ರಾಜ ಸಾಯುತ್ತಿದ್ದಾನೆ. ಉಯಿಲು ಹೇಳಿ ಬರೆಸುತ್ತಿದ್ದಾನೆ. 'ನನ್ನ ಮಗ ಜಾಫ್ರಿ' ಎಂದು ಅವನು ಹೇಳಿದಲ್ಲಿ ನೆಡ್ ಸದ್ದಿಲ್ಲದೆ 'ಹಕ್ಕಿನ ವಾರಸುದಾರ' ಎಂದು ಬರೆಯುತ್ತಾನೆ. ಲೇಖನಿ ಒಂದು ಗಳಿಗೆ ತಡೆದು ಮುಂದೆ ಹೋಗುತ್ತದೆ, ಅಷ್ಟೆ. ಅದೇ ರಾತ್ರಿ ರಾಜನ ತಮ್ಮ ರೆನ್ಲಿ ಬಂದು, ನೂರು ಜನ ಕತ್ತಿಯಾಳುಗಳನ್ನು ಕೊಡುತ್ತೇನೆ, ಈಗಲೇ ಜಾಫ್ರಿಯನ್ನು ಹಿಡಿಯೋಣ ಎನ್ನುತ್ತಾನೆ. ಸಾಯುತ್ತಿರುವವನ ಮನೆಯಲ್ಲಿ ರಕ್ತ ಹರಿಸಿ, ಹೆದರಿದ ಮಕ್ಕಳನ್ನು ಹಾಸಿಗೆಯಿಂದ ಎಳೆದು ತರಲಾರೆ ಎಂದು ನೆಡ್ ನಿರಾಕರಿಸುತ್ತಾನೆ. ಸರಿ. ಆದರೆ ಅದಾದ ಮೇಲೆ, ನಗರದ ಕಾವಲುಪಡೆಯನ್ನು ದುಡ್ಡು ಕೊಟ್ಟು ತನ್ನ ಕಡೆ ಮಾಡಿಕೊಡುವಂತೆ ಖಜಾಂಚಿ ಲಿಟಲ್‌ಫಿಂಗರ್‌ನನ್ನು ಕೇಳುತ್ತಾನೆ! ಮರುದಿನ ದರ್ಬಾರಿನಲ್ಲಿ ಸರ್ಸಿ ಆ ಉಯಿಲನ್ನು ಹರಿದು ಎಸೆದಾಗ, ಕೊಂಡ ಕಾವಲುಗಾರರು ಅವಳ ಕಡೆಗೇ ತಿರುಗಿದ್ದು ನೋಡಿದವರಿಗೆಲ್ಲ ಗೊತ್ತು. ಧರ್ಮವನ್ನು ಪೂರ್ತಿ ಹಿಡಿಯಲಿಲ್ಲ, ಪೂರ್ತಿ ಬಿಡಲೂ ಇಲ್ಲ. ಭಾವ ಇದಕ್ಕೆ ಇವತ್ತಿನವರೆಗೂ ಸಮರ್ಪಕ ಉತ್ತರ ಕೊಟ್ಟಿಲ್ಲ.

ನಮ್ಮಲ್ಲಿ ಒಂದೇ ನಿಯಮ. ಆ ಗಳಿಗೆಯಲ್ಲಿ ಆ ಪಾತ್ರಕ್ಕೆ ಏನು ಗೊತ್ತಿತ್ತೋ ಅಷ್ಟರಲ್ಲೇ ವಾದಿಸಬೇಕು. ಮುಂದಿನ ಕಂತನ್ನು ಸಾಕ್ಷಿಗೆ ಕರೆಯುವಂತಿಲ್ಲ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. 'ವಾಲಿವಧೆ'ಯಲ್ಲಿ ವಾಲಿಯ ಅರ್ಥ ಹೇಳುವವರು ಬಾಣ ನಾಟಿದ ಎದೆಯಿಂದಲೇ ರಾಮನನ್ನು ಪ್ರಶ್ನೆ ಕೇಳಬೇಕು. ಕಥೆ ಹೇಗೆ ಮುಗಿಯುತ್ತದೆಂದು ಸಭೆಗೆಲ್ಲ ಗೊತ್ತಿದ್ದರೂ ಆ ಹೊತ್ತಿಗೆ ವಾಲಿ ಗೆದ್ದಾನು ಅನ್ನಿಸಬೇಕು.

ಇದೆಲ್ಲ ಕಟ್ಟುಕಥೆ, ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎನ್ನುವವರಿದ್ದಾರೆ. ಆದರೆ ಕಟ್ಟುಕಥೆಯ ಬೇರು ನಿಜದಲ್ಲೂ ಇರುತ್ತದೆ: ಮದುವೆಯೂಟಕ್ಕೆ ಕರೆದು ಕೊಲ್ಲುವ 'ಕೆಂಪು ಮದುವೆ'ಯ ಎಳೆಯನ್ನು ಮೂಲ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತೆಗೆದುಕೊಂಡದ್ದು ಸ್ಕಾಟ್ಲೆಂಡಿನ ಇತಿಹಾಸದಿಂದ. 1440ರಲ್ಲಿ ಎಡಿನ್‌ಬರೋ ಕೋಟೆಗೆ ಊಟಕ್ಕೆ ಕರೆಸಿಕೊಂಡು ಡಗ್ಲಸ್ ಮನೆತನದ ಹರೆಯದ ಒಡೆಯನನ್ನೂ ಅವನ ತಮ್ಮನನ್ನೂ ಕೊಂದಿದ್ದರು.

ಕೊನೆಯ ಸೀಸನ್ನಿನ ಜಗಳವನ್ನು ನಾನು ಬೆಳೆಸುವುದಿಲ್ಲ. ಡನೇರಿಸ್ ಶರಣಾದ ನಗರವನ್ನು ಸುಟ್ಟದ್ದಕ್ಕೆ ಬೀಜ ಮೊದಲೇ ಇತ್ತು, ಮೊಳೆಯಲು ಹೊತ್ತು ಕೊಡಲಿಲ್ಲ. ಆರು ಸೀಸನ್ ಹತ್ತತ್ತು ಕಂತು, ಏಳನೆಯದಕ್ಕೆ 7, ಎಂಟನೆಯದಕ್ಕೆ 6. ಅವಸರ ಎದ್ದು ಕಾಣುತ್ತದೆ.

ಆ ಬೀಜ ಇರುವುದು ಡನೇರಿಸ್ ಗೆದ್ದು ಗುಲಾಮರನ್ನು ಬಿಡುಗಡೆ ಮಾಡಿದ ಮೀರೀನ್ ಪಟ್ಟಣದಲ್ಲಿ. ಅಲ್ಲಿನ ಒಡೆಯರು ದಾರಿಯುದ್ದಕ್ಕೂ 163 ಗುಲಾಮ ಮಕ್ಕಳನ್ನು ಮೊಳೆ ಹೊಡೆದು ಕೊಂದಿದ್ದರು. ಡನೇರಿಸ್ ಅಷ್ಟೇ ಒಡೆಯರನ್ನು ಹಾಗೆಯೇ ಕೊಲ್ಲಿಸಿದಳು. ಲೆಕ್ಕ ಚುಕ್ತಾ. ಆಮೇಲೆ ಒಬ್ಬ ತರುಣ ತಂದೆಯ ಶವ ಕೇಳಿಕೊಂಡು ಬರುತ್ತಾನೆ. ಮಕ್ಕಳನ್ನು ಕೊಲ್ಲಬೇಡಿ ಎಂದು ಹೇಳಿದ್ದವನು ಆ ತಂದೆ! ಇನ್ನೊಂದು ದಿನ, ಬಿಡುಗಡೆಯಾದ ಮುದುಕನೊಬ್ಬ ಬಂದು ತನ್ನನ್ನು ಹಳೆಯ ಒಡೆಯನಿಗೇ ಮಾರಿಕೊಳ್ಳಲು ಅಪ್ಪಣೆ ಬೇಡುತ್ತಾನೆ. ಆ ಮನೆಯಲ್ಲಿ ಅವನು ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ಈಗ ಅವನಿರುವ ಛತ್ರದಲ್ಲಿ ಹರೆಯದವರು ಮುದುಕರನ್ನು ದೋಚುತ್ತಾರೆ, ರಾತ್ರಿಯೆಲ್ಲ ಭಯ. ಒಂದು ವರ್ಷಕ್ಕೆ ಮೀರದ ಕರಾರಿಗೆ ಅವಳು ಒಪ್ಪುತ್ತಾಳೆ.

ಬಿಡುಗಡೆ ಎಂದ ಮೇಲೆ ಮರಳಿ ಹೋಗುವ ಹಕ್ಕೂ ಅದರಲ್ಲಿ ಸೇರಿತು ಎಂದು ನಾನು. ಹಾಗೆ ಬಿಟ್ಟರೆ ಹೆಸರು ಬದಲಾದ ಗುಲಾಮಗಿರಿಯೇ ಉಳಿಯುತ್ತದೆ ಎಂದು ಭಾವ. ಕಳೆದ ಸಲ ಅಕ್ಕ ನಡುವೆ ಬಂದಳು: "ಆ ಮುದುಕನಿಗೆ ಬೇಕಾಗಿದ್ದದ್ದು ಪಾಠ ಹೇಳುವ ಕೆಲಸ. ಬಿಡುಗಡೆಯಾದವರ ಮಕ್ಕಳಿಗೇ ಹೇಳು, ಸಂಬಳ ನಾನು ಕೊಡುತ್ತೇನೆ ಅನ್ನಬಹುದಿತ್ತಲ್ಲ?"

ಬೊಕ್ಕಸ ಯಾರ ಕೈಯಲ್ಲಿತ್ತು ಎಂದು ಭಾವ ಕೇಳಿದರು. ಮುಂದಿನ ಭಾನುವಾರಕ್ಕೆ ಅದೇ ವಿಷಯ.