ಇಲ್ಲದ ಕರಡಿಯ ಜಾಡು ಹಿಡಿದು

ಲಂಡನ್ನಿನ ಪ್ಯಾಡಿಂಗ್ಟನ್ ರೈಲು ನಿಲ್ದಾಣ. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಸಣ್ಣದೊಂದು ಸರದಿ ನಿಂತಿದೆ. ಟಿಕೆಟ್ ಕೌಂಟರ್ ಇರಬೇಕು ಎಂದುಕೊಂಡು ಇಣುಕಿದರೆ, ತುದಿಯಲ್ಲಿ ಟೋಪಿ ಹಾಕಿಕೊಂಡ ಕಂಚಿನ ಕರಡಿ. ಮಾರ್ಕಸ್ ಕಾರ್ನಿಶ್ ಎಂಬ ಶಿಲ್ಪಿ ಮಾಡಿದ್ದು, 2000ನೇ ಇಸವಿಯಿಂದ ಇಲ್ಲಿದೆ. ನಮ್ಮ ಮುಂದೆ ನಿಂತಿದ್ದ ಟೈ ಕಟ್ಟಿದ ಇಬ್ಬರು ಆಫೀಸಿನ ಗಂಡಸರು ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಕರಡಿಯ ಮೂಗು ಸವರಿ ರೈಲು ಹಿಡಿಯಲು ಓಡಿದರು. ನಮ್ಮ ಹೊಸಪೇಟೆಯಲ್ಲಿ ಇಷ್ಟು ಜನ ಮುಟ್ಟಿದ ಪ್ರಾಣಿಯ ಹಣೆಗೆ ಇಷ್ಟು ಹೊತ್ತಿಗೆ ಕುಂಕುಮ ಬಿದ್ದು, ಪಕ್ಕದಲ್ಲೊಂದು ಹುಂಡಿಯೂ ಬಂದಿರುತ್ತಿತ್ತು.

ನನ್ನನ್ನು ಇಲ್ಲಿಗೆ ಎಳೆದು ತಂದವಳು ಏಳು ವರ್ಷದ ಮೊಮ್ಮಗಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ. ‘ತಾತಾ, ಮೊದಲು ಕರಡಿ, ಆಮೇಲೆ ರಾಣಿ ಅರಮನೆ’ ಎಂದು ಅವಳೇ ಕಾರ್ಯಕ್ರಮ ಹಾಕಿದ್ದಳು. ಪೆರು ದೇಶದ ಕಾಡಿನಿಂದ ಹಡಗಿನಲ್ಲಿ ಕದ್ದು ಕೂತು ಬಂದ ಮರಿಕರಡಿ, ಕೊರಳಲ್ಲೊಂದು ಚೀಟಿ ಕಟ್ಟಿಕೊಂಡು ಇದೇ ನಿಲ್ದಾಣದಲ್ಲಿ ದಿಕ್ಕಿಲ್ಲದೆ ನಿಂತಿರುತ್ತದೆ. ಬ್ರೌನ್ ಎಂಬ ಕುಟುಂಬ ಅದನ್ನು ಮನೆಗೆ ಕರೆದೊಯ್ದು, ನಿಲ್ದಾಣದ ಹೆಸರನ್ನೇ ಇಡುತ್ತದೆ. ಮೈಕಲ್ ಬಾಂಡ್ 1958ರಲ್ಲಿ ಪುಸ್ತಕವಾಗಿ ಬರೆದ ಈ ಕಥೆಯನ್ನು ನಿರ್ದೇಶಕ ಪಾಲ್ ಕಿಂಗ್ 2014ರಲ್ಲಿ ಸಿನಿಮಾ ಮಾಡಿದರು. 2017ರಲ್ಲಿ ಎರಡನೆಯದು, 2024ರಲ್ಲಿ ಬೇರೆ ನಿರ್ದೇಶಕರ ಕೈಯಲ್ಲಿ ಮೂರನೆಯದು. ಮೊದಲೆರಡನ್ನು ಮೊಮ್ಮಗಳ ಜೊತೆ ಕೂತು ಎಷ್ಟು ಸಲ ನೋಡಿದ್ದೇನೋ, ಲೆಕ್ಕವಿಟ್ಟಿಲ್ಲ. ಎರಡನೆಯದೇ ಹೆಚ್ಚು ಚೆನ್ನ ಎಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿದೆ.

ಸಿನಿಮಾದ ಕರಡಿ ಪೂರ್ತಿಯಾಗಿ ಕಂಪ್ಯೂಟರಿನ ಕೂಸು. ಫ್ರೇಮ್‌ಸ್ಟೋರ್ ಎಂಬ ಲಂಡನ್ನಿನದೇ ಕಂಪನಿ ಅದಕ್ಕೆ ರೋಮ, ಕಣ್ಣು, ಒದ್ದೆ ಮೂಗು ಎಲ್ಲ ಕೊಟ್ಟಿತು. ಚಿತ್ರೀಕರಣದ ಜಾಗದಲ್ಲಿ ನಟರು ಕೋಲಿನ ತುದಿಯನ್ನೋ ಖಾಲಿ ಗಾಳಿಯನ್ನೋ ನೋಡಿ ಮಮತೆ ತೋರಿಸಬೇಕು. ದನಿಯ ಕಥೆ ಇನ್ನೂ ತಮಾಷೆ. ಮೊದಲು ಕಾಲಿನ್ ಫರ್ತ್ ಮಾತಾಡಿದ್ದರು. ಕರಡಿಯ ಮುಖ ತಯಾರಾಗುತ್ತ ಬಂದಂತೆ ಆ ಪ್ರೌಢ ಕಂಠ ಮರಿಗೆ ಒಗ್ಗಲಿಲ್ಲ. ಅವರು ಹಿಂದೆ ಸರಿದು ಬೆನ್ ವಿಷಾ ಬಂದರು. ಅಂದರೆ ಇಡೀ ದಿನ ನಾವು ಹುಡುಕಿಕೊಂಡು ಹೊರಟಿರುವುದು ಯಾವ ಜಾಗಕ್ಕೂ ಕಾಲಿಡದ ಕರಡಿಯ ಹೆಜ್ಜೆಗಳನ್ನು. ಇದನ್ನು ಮೊಮ್ಮಗಳಿಗೆ ಹೇಳಿದೆ. ‘ಗೊತ್ತು ತಾತಾ, ಬೇಗ ನಡಿ’ ಎಂದಳು.

ಅಲ್ಲಿಂದ ಸುರಂಗ ರೈಲಿನಲ್ಲಿ ಎರಡೇ ಸ್ಟಾಪು, ಮೇಡಾ ವೇಲ್. ಸಿನಿಮಾದಲ್ಲಿ ಈ ನಿಲ್ದಾಣದ ಹೊರಮುಖಕ್ಕೆ ಬೇರೆ ಹೆಸರಿನ ಬೋರ್ಡು. ಲಂಡನ್ನಿನ ಎಸ್ಕಲೇಟರುಗಳಲ್ಲಿ ನಿಲ್ಲುವವರು ಬಲಗಡೆ ನಿಲ್ಲಬೇಕು, ಅವಸರದವರಿಗೆ ಎಡಗಡೆ ಬಿಡಬೇಕು. ಬಲಕ್ಕೆ ನಿಲ್ಲಿ ಎಂಬ ಫಲಕ ಓದಿದ ಕರಡಿ ಸಿನಿಮಾದಲ್ಲಿ ಬಲಗಾಲಿನ ಮೇಲೆ ಮಾತ್ರ ನಿಲ್ಲುತ್ತದೆ. ನಾಯಿಗಳನ್ನು ಎತ್ತಿಕೊಂಡೇ ಹೋಗಬೇಕು ಎಂಬುದನ್ನು ಓದಿ, ಎಲ್ಲಿಂದಲೋ ಒಂದು ನಾಯಿಯನ್ನು ಹೊಂದಿಸಿಕೊಂಡು ಬರುತ್ತದೆ. ನಾನು ಅಭ್ಯಾಸಬಲದಿಂದ ಎರಡೂ ಕಾಲೂರಿ ಎಡಗಡೆ ನಿಂತೆ. ಬೆನ್ನ ಹಿಂದೆ ‘ಸಾರಿ’ ಎಂಬ ದನಿಗಳು ಒಂದರ ಮೇಲೊಂದು ಬಂದವು. ಈ ಊರಿನಲ್ಲಿ ಬೈಗುಳಕ್ಕೂ ಕ್ಷಮೆ ಕೇಳುವ ರಾಗವೇ ಇದೆ.

ಬ್ರೌನ್ ಕುಟುಂಬದ ಮನೆ ಪುಸ್ತಕದ ಪ್ರಕಾರ ವಿಂಡ್ಸರ್ ಗಾರ್ಡನ್ಸ್ 32ನೇ ನಂಬರು. ಸಿನಿಮಾದವರು ಅದಕ್ಕೆ ಆರಿಸಿಕೊಂಡದ್ದು ಪ್ರಿಮ್‌ರೋಸ್ ಹಿಲ್ ಬಡಾವಣೆಯ ಚಾಲ್ಕಟ್ ಕ್ರೆಸೆಂಟ್. ಅರ್ಧ ಚಂದ್ರನ ಹಾಗೆ ಬಾಗಿದ ಬೀದಿ; ತಿಳಿ ಗುಲಾಬಿ, ಹಳದಿ, ಆಕಾಶನೀಲಿ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಕಿಟಕಿಗಳಲ್ಲಿ ಪರದೆ ಅಲ್ಲಾಡುವುದೂ ಇಲ್ಲ. ಇಲ್ಲಿ ಜೋರಾಗಿ ಮಾತಾಡಬಾರದು ಎಂದು ಯಾರೂ ಹೇಳದಿದ್ದರೂ ನಾವು ಪಿಸುಗುಟ್ಟುತ್ತ ನಡೆದೆವು. ಅಷ್ಟರಲ್ಲಿ ಬಿಸಿಲಿದ್ದಂತೆಯೇ ಮಳೆ. ನನ್ನ ಮಡಚುವ ಕೊಡೆ ಗಾಳಿಗೆ ತಿರುವುಮುರುವಾಗಿ, ಅದನ್ನು ನೇರ ಮಾಡುವಷ್ಟರಲ್ಲಿ ಮಳೆಯೂ ನಿಂತಿತ್ತು. ಹತ್ತಿರದ ಚಾಲ್ಕಟ್ ಸ್ಕ್ವೇರಿನಲ್ಲಿ ಕವಿ ಸಿಲ್ವಿಯಾ ಪ್ಲಾತ್ ವಾಸವಿದ್ದ ಮನೆಗೆ ನೀಲಿ ಫಲಕ ಹಾಕಿದ್ದಾರೆ. ಅದರ ಮುಂದೆ ಯಾರೂ ಇರಲಿಲ್ಲ. ಕರಡಿ ಎದುರು ಕವಿ ಸೋಲುವುದು ನಮ್ಮಲ್ಲೂ ಇದ್ದದ್ದೇ ಬಿಡಿ.

ಕೆಂಪು ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಹಿಡಿದು ನಾಟಿಂಗ್ ಹಿಲ್ ಕಡೆ ಹೊರಟೆವು. ಪೋರ್ಟೊಬೆಲ್ಲೊ ರಸ್ತೆಯ ಸಂತೆ ನೋಡಿದರೆ ಜೀವ ಹಗುರಾಗುತ್ತದೆ. ಹಳೇ ಗಡಿಯಾರ, ತುಕ್ಕು ಹಿಡಿದ ಬೀಗ, ಒಂಟಿ ಚಮಚ, ಯಾರದೋ ಅಜ್ಜನ ಪದಕ. ನಮ್ಮ ಮನೆಯ ಅಟ್ಟದಲ್ಲಿದ್ದು ಗುಜರಿಗೆ ಹೋದಂಥವೇ ಇಲ್ಲಿ ಪೌಂಡುಗಟ್ಟಲೆ ಬೆಲೆ ಅಂಟಿಸಿಕೊಂಡು ಕೂತಿವೆ. 86ನೇ ನಂಬರಿನ ‘ಆಲಿಸಸ್’ ಎಂಬ ಕೆಂಪು ಅಂಗಡಿಯೇ ಸಿನಿಮಾದಲ್ಲಿ ಗ್ರೂಬರ್ ಎಂಬ ಮುದುಕರ ಹಳೇ ಸಾಮಾನಿನ ಅಂಗಡಿ. ಗ್ರೂಬರ್ ಹಂಗೇರಿಯಿಂದ ಬಂದ ನಿರಾಶ್ರಿತರು, ಕರಡಿಯ ಆಪ್ತ ಗೆಳೆಯರು. ಬಾಂಡ್ ಅವರ ಸಾಹಿತ್ಯ ಏಜೆಂಟ್ ಹಾರ್ವಿ ಉನ್ನಾ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ. ಗ್ರೂಬರ್ ರೂಪುಗೊಂಡದ್ದು ಅವರಿಂದಲೇ. ಕರಡಿಯನ್ನು ಆಫ್ರಿಕಾದಿಂದ ಕರೆತರಬೇಕೆಂದಿದ್ದ ಬಾಂಡ್‌ಗೆ, ಅಲ್ಲಿ ಕರಡಿಗಳೇ ಇಲ್ಲವಲ್ಲ ಎಂದು ತಿದ್ದಿದವರೂ ಅವರೇ.

ಈ ಬೀದಿಯಲ್ಲಿ ನಿಂತಾಗ ಇನ್ನೊಂದು ಸಂಗತಿ ನೆನಪಾಗದೆ ಇರದು. ಪುಸ್ತಕ ಅಂಗಡಿಗೆ ಬಂದದ್ದು 1958ರ ಅಕ್ಟೋಬರಿನಲ್ಲಿ. ಅದಕ್ಕೆ ಕೆಲವೇ ವಾರಗಳ ಮುಂಚೆ, ಇದೇ ನಾಟಿಂಗ್ ಹಿಲ್‌ನಲ್ಲಿ, ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದ್ದ ಕರಿಯರ ಮನೆಗಳ ಮೇಲೆ ಬಿಳಿಯ ಪುಂಡರು ದಾಳಿ ಮಾಡಿದ್ದರು. ಪುಟಗಳಲ್ಲಿ ಪರದೇಶಿ ಕರಡಿಗೆ ಬಿಸಿನೀರಿನ ಸ್ನಾನ, ಮೆತ್ತನೆ ಹಾಸಿಗೆ. ಬೀದಿಯಲ್ಲಿ ಪರದೇಶಿ ಮನುಷ್ಯರಿಗೆ ಕಲ್ಲು, ಪೆಟ್ರೋಲ್ ಬಾಂಬು. ಸಿನಿಮಾದವರು ಇದನ್ನು ಮರೆತಿಲ್ಲ. ಮೊದಲ ಚಿತ್ರದಲ್ಲಿ ಆಗಾಗ ಬೀದಿಬದಿ ನಿಂತು ಕೆರಿಬಿಯನ್ನಿನ ಕ್ಯಾಲಿಪ್ಸೊ ಹಾಡುವ ಒಂದು ತಂಡ ಬರುತ್ತದೆ. ಕಥೆಗೂ ಅವರಿಗೂ ಸಂಬಂಧವಿಲ್ಲ, ಅವರು ಯಾರೆಂದು ಯಾರೂ ಹೇಳುವುದಿಲ್ಲ. ನಕ್ಕು ಹಗುರಾಗುವ ಮಕ್ಕಳ ಚಿತ್ರ ತನ್ನ ಊರಿನ ಹಳೆಯ ಸಾಲವನ್ನು ಇಷ್ಟು ಜಾಣತನದಿಂದ ತೀರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊಟ್ಟೆ ತಾಳ ಹಾಕತೊಡಗಿತು. ಕರಡಿಯ ಪ್ರಾಣವಾದ ಮಾರ್ಮಲೇಡ್ ಸ್ಯಾಂಡ್‌ವಿಚ್ಚನ್ನೇ ತಿನ್ನಬೇಕೆಂದು ಮೊಮ್ಮಗಳ ಅಪ್ಪಣೆ. ಸ್ಪೇನಿನ ಸೆವಿಲ್ ಕಡೆಯ ಕಹಿ ಕಿತ್ತಳೆಯನ್ನು ಸಿಪ್ಪೆ ಸಮೇತ ಸಕ್ಕರೆಯಲ್ಲಿ ಕುದಿಸಿ ಮಾಡುವ ಪದಾರ್ಥ ಅದು. ಸಿಹಿ ನಾಲಗೆ ದಾಟಿದ ಮೇಲೆ ಗಂಟಲ ಹತ್ತಿರ ಕಹಿ ಕಾದು ಕೂತಿರುತ್ತದೆ. ಥೇಟ್ ನಮ್ಮ ಹೇರಳೆಕಾಯಿ ಗೊಜ್ಜಿಗೆ ಒಗ್ಗರಣೆ ಹಾಕಲು ಮರೆತ ಹಾಗೆ. ನನಗೆ ಬಹಳ ಹಿಡಿಸಿತು. ಅಪ್ಪಣೆ ಕೊಟ್ಟವಳು ಒಂದು ಕಚ್ಚಿಗೆ ಮುಖ ಕಿವುಚಿ ನನ್ನ ತಟ್ಟೆಗೆ ದಾಟಿಸಿದಳು.

ಅಲ್ಲಿಂದ ನಾವು ಹೋದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಟಿಕೆಟ್ ಇಲ್ಲ. ಸರದಿ ಮಾತ್ರ ಧಾರಾಳವಾಗಿ ಇದೆ. ಮೊದಲ ಚಿತ್ರದಲ್ಲಿ ನಿಕೋಲ್ ಕಿಡ್‌ಮನ್ ಕರಡಿಯನ್ನು ಕೊಂದು, ತೊಗಲಿಗೆ ಹುಲ್ಲು ತುಂಬಿ ಇಡಬೇಕೆಂದು ಹೊಂಚುವುದು ಇಲ್ಲೇ. ದೇವಸ್ಥಾನದಂಥ ಆ ಎತ್ತರದ ಹಜಾರದಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತಲೆಯ ಮೇಲೆ ಈಜುತ್ತಿದೆ. ಪೆರುವಿನ ನಿಜವಾದ ಕರಡಿಗೆ ಕಣ್ಣ ಸುತ್ತ ಕನ್ನಡಕದಂಥ ತಿಳಿಬಣ್ಣದ ಗುರುತುಗಳಿರುತ್ತವೆ. ದಕ್ಷಿಣ ಅಮೆರಿಕ ಖಂಡಕ್ಕೆಲ್ಲ ಇರುವುದು ಅದೊಂದೇ ಜಾತಿ. ಇಷ್ಟು ವಿವರಿಸಿದ ಮೇಲೆ ನಮ್ಮ ದರೋಜಿಯ ಕರಡಿಗಳ ಪುರಾಣವನ್ನೂ ತೆಗೆದೆ. ಅರಣ್ಯ ಇಲಾಖೆಯವರು ಬಂಡೆಗೆ ಬೆಲ್ಲದ ಪಾಕ ಬಳಿದು ಬಂದರೆ, ಸಂಜೆಗೆ ಮುಂಚೆ ಕರಡಿಗಳು ಗುಡ್ಡ ಇಳಿದು ಬಂದು ನೆಕ್ಕುತ್ತವೆ, ಮರಿಗಳು ತಾಯಿಯ ಬೆನ್ನೇರಿ ಬರುತ್ತವೆ ಎಂದೆ. ‘ಮಾತಾಡ್ತವಾ?’ ಎಂಬುದೊಂದೇ ಅವಳ ಪ್ರಶ್ನೆ.

ರಾಣಿಯ ಅರಮನೆ ಹೊರಗಿನಿಂದಲೇ ಆಯಿತು. 2022ರಲ್ಲಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು ಎಪ್ಪತ್ತು ವರ್ಷವಾದಾಗ, ಇದೇ ಕರಡಿಯೊಂದಿಗೆ ಚಹಾ ಕುಡಿದು, ಕೈಚೀಲದಿಂದ ಮಾರ್ಮಲೇಡ್ ಸ್ಯಾಂಡ್‌ವಿಚ್ ತೆಗೆದು ತೋರಿಸಿದ್ದರು. ಅವರೂ ಖಾಲಿ ಗಾಳಿಗೇ ನಗೆ ಬೀರಿದ್ದು! ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಜನ ಹೂವಿನ ಜೊತೆ ಸ್ಯಾಂಡ್‌ವಿಚ್ಚುಗಳನ್ನೂ ತಂದಿಡತೊಡಗಿ, ದಯವಿಟ್ಟು ತಿಂಡಿ ಬೇಡ ಎಂದು ಉದ್ಯಾನದವರು ಕೇಳಿಕೊಳ್ಳಬೇಕಾಯಿತು. ಕಾಗೆಗೆ ಪಿಂಡ ಇಡುವ ನಮಗೆ ಇದು ವಿಚಿತ್ರವೇನಲ್ಲ.

ಮರುದಿನ ಪ್ಯಾಡಿಂಗ್ಟನ್ನಿನಿಂದಲೇ ರೈಲು ಹತ್ತಿ ನ್ಯೂಬರಿಗೆ ಹೊರಟಿದ್ದೇವೆ. ಬಾಂಡ್ 1926ರಲ್ಲಿ ಹುಟ್ಟಿದ ಊರು. ದಾರಿಯಲ್ಲಿ ರೆಡಿಂಗ್ ಬರುತ್ತದೆ. ಅವರು ಬೆಳೆದದ್ದು ಅಲ್ಲಿ. ಯುದ್ಧಕಾಲದಲ್ಲಿ ಬಾಂಬಿಗೆ ಹೆದರಿ ಲಂಡನ್ನಿನಿಂದ ಹಳ್ಳಿಗಳಿಗೆ ಸಾಗಿಸಿದ ಮಕ್ಕಳು, ಕೊರಳಲ್ಲಿ ಹೆಸರಿನ ಚೀಟಿ, ಕೈಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದು ರೆಡಿಂಗ್ ನಿಲ್ದಾಣ ಹಾಯ್ದು ಹೋದದ್ದನ್ನು ಅವರು ಕಂಡಿದ್ದರು. ಕರಡಿಯ ಕೊರಳಿಗೆ ಚೀಟಿ ಬಂದದ್ದು ಹಾಗೆ. ಮೊಮ್ಮಗಳು ಇದಕ್ಕೆ ಏನೂ ಅನ್ನಲಿಲ್ಲ. ರೆಡಿಂಗ್ ಹಿಂದೆ ಸರಿಯುವವರೆಗೆ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು.

ನ್ಯೂಬರಿಯಲ್ಲಿ ಬೆಂಚಿನ ಮೇಲೆ ಕೂತ ಕರಡಿಯ ಪ್ರತಿಮೆಯಿದೆ. 2025ರ ಮಾರ್ಚಿನಲ್ಲಿ ವಾಯುಪಡೆಯ ಇಬ್ಬರು ಎಂಜಿನಿಯರುಗಳು ಕುಡಿದ ಅಮಲಿನಲ್ಲಿ ಅದನ್ನು ಅರ್ಧಕ್ಕೆ ಮುರಿದು, ಟ್ಯಾಕ್ಸಿಯಲ್ಲಿ ಹೊತ್ತೊಯ್ದಿದ್ದರು. ಕರಡಿ ದಯೆಯ ಸಂಕೇತ, ನೀವು ಮಾಡಿದ್ದು ಅದಕ್ಕೆ ತದ್ವಿರುದ್ಧ ಎಂದು ನ್ಯಾಯಾಧೀಶರು ಛೀಮಾರಿ ಹಾಕಿ, ಸಂಬಳವಿಲ್ಲದ ಸಮಾಜಸೇವೆಯ ಶಿಕ್ಷೆ ಕೊಟ್ಟರು. ರಿಪೇರಿಯಾಗಿ ಮರಳಿದ ಕರಡಿಯ ಪಕ್ಕ ಈಗ ನಾವಿಬ್ಬರೂ ಕೂತಿದ್ದೇವೆ. ಬೆಂಚು ಒದ್ದೆ, ನನ್ನ ಪ್ಯಾಂಟು ಅದಕ್ಕಿಂತ ಒದ್ದೆ. ತರಕಾರಿ ಚೀಲ ಹಿಡಿದು ಬಂದ ಅಜ್ಜಿಯೊಬ್ಬರು ನಮ್ಮನ್ನು ಮಾತಾಡಿಸದೆ ಮೊದಲು ಕರಡಿಯ ಹೆಗಲು ಹಿಡಿದು ಅಲ್ಲಾಡಿಸಿ ನೋಡಿದರು. ಭದ್ರವಾಗಿತ್ತು. ಆಮೇಲೆ ‘ಎಲ್ಲಿಯವರು?’ ಎಂದರು. ಹೇಳಿದೆ. ನಮ್ಮಲ್ಲೂ ಕರಡಿಗಳಿವೆ, ಟೋಪಿ ಹಾಕುವುದಿಲ್ಲ, ಆದರೆ ಬೆಲ್ಲ ತಿನ್ನಲು ದಿನವೂ ಹೊತ್ತಿಗೆ ಸರಿಯಾಗಿ ಹಾಜರಾಗುತ್ತವೆ ಎಂದೂ ಸೇರಿಸಿದೆ.

‘ಹೊತ್ತಿಗೆ ಸರಿಯಾಗಿಯೇ?’ ಅಜ್ಜಿ ನಿಟ್ಟುಸಿರಿಟ್ಟರು. ‘ಹಾಗಾದರೆ ಅವುಗಳ ಕೈಗೆ ನಮ್ಮ ರೈಲುಗಳನ್ನು ಕೊಟ್ಟು ನೋಡಬೇಕು.’